ಸುಬೇದಾರ್ ಮೇಜರ್ ಅಂದರೆ ಯಾರು? ಊರವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬ್ರಹ್ಮಾವರದ ಹತ್ತಿರದವನು. 1989ರಲ್ಲಿ ಸಿಪಾಯಿಯಾಗಿ ಸೈನ್ಯ ಸೇರಿದೆ, 2022ರಲ್ಲಿ ಸುಬೇದಾರ್ ಮೇಜರ್ ಆಗಿ ನಿವೃತ್ತನಾದೆ. ಊರಿಗೆ ಬಂದ ಮೇಲೆ ಮದುವೆ ಹಾಲ್‌ನಲ್ಲಿ, ಹಾಲಿನ ಡೈರಿಯಲ್ಲಿ, ಬಸ್ಸಿನ ಪಕ್ಕದ ಸೀಟಿನಲ್ಲಿ, ಆಗಸ್ಟ್ 15ಕ್ಕೆ ಭಾಷಣಕ್ಕೆ ಕರೆಯುವ ಶಾಲೆಗಳಲ್ಲಿ, ಎಲ್ಲ ಕಡೆ ಕೇಳುವುದು ಹೆಚ್ಚುಕಡಿಮೆ ಅದೇ ಹದಿನೈದಿಪ್ಪತ್ತು ಪ್ರಶ್ನೆ. ಅರ್ಧ ಉತ್ತರ ಹೇಳುವಷ್ಟರಲ್ಲಿ ಊಟಕ್ಕೆ ಎಲೆ ಹಾಕುತ್ತಾರೆ, ಇಲ್ಲದಿದ್ದರೆ ಸ್ಟಾಪ್ ಬರುತ್ತದೆ. ಅದಕ್ಕೆ ಇಲ್ಲಿ ಪೂರ್ತಿ ಬರೆದಿದ್ದೇನೆ.

ಸುಬೇದಾರ್ ಮೇಜರ್ ಅಂದರೆ ಆಫೀಸರಾ, ಜವಾನನಾ?

ಎರಡರ ನಡುವೆ. ನಮ್ಮ ಗುಂಪಿಗೆ ಜೆಸಿಒ ಅಂತ ಹೆಸರು, ಅಂದರೆ ಜೂನಿಯರ್ ಕಮಿಷನ್ಡ್ ಆಫೀಸರ್. ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್, ಈ ಮೂವರು ಜೆಸಿಒಗಳು. ಸಿಪಾಯಿಯಾಗಿ ಸೇರಿ ಮೆಟ್ಟಿಲು ಹತ್ತಿ ಬಂದವರೇ ಜಾಸ್ತಿ. ಬ್ರಿಟಿಷರ ಕಾಲದಲ್ಲಿ ಇವರನ್ನು ವೈಸರಾಯ್ ಕಮಿಷನ್ಡ್ ಆಫೀಸರ್ ಎನ್ನುತ್ತಿದ್ದರು. ನಾಯಬ್ ಸುಬೇದಾರರಿಗೆ 1965ರ ತನಕ ಜಮಾದಾರ ಅಂತಿತ್ತು. ಹೆಸರು ಬದಲಾಯಿತು, ಕೆಲಸ ಅಂಥದ್ದೇನೂ ಬದಲಾಗಲಿಲ್ಲ.

'ಮೇಜರ್' ಅಂತ ಉಂಟಲ್ಲ, ಹಾಗಾದರೆ ಮೇಜರ್ ಸಾಹೇಬರೇ ಅಲ್ವಾ?

ಅಲ್ಲ. ಮೇಜರ್ ಎನ್ನುವುದು ಆಫೀಸರ್ ದರ್ಜೆ. ನಾನು ಸುಬೇದಾರ್ ಮೇಜರ್. ಊರಿನ ಆಮಂತ್ರಣ ಪತ್ರಿಕೆಗಳಲ್ಲಿ ನನ್ನನ್ನು ಮೂರು ಸಲ ಮೇಜರ್ ಮಾಡಿದ್ದಾರೆ, ಒಮ್ಮೆ ಕರ್ನಲ್ ಕೂಡ ಮಾಡಿದ್ದರು. ಫೋನ್ ಮಾಡಿ ಸರಿಪಡಿಸಿ ಎಂದರೆ "ಇರ್ಲಿ ಮಾರ್ರೆ, ಜನಕ್ಕೆ ಎಂತ ಗೊತ್ತಾಗ್ತದೆ" ಎಂದರು. ನನ್ನ ಜೊತೆ ಇದ್ದವರಿಗೆ ಗೊತ್ತಾಗುತ್ತದಲ್ಲ, ಅದು ನಾಚಿಕೆ.

ದರ್ಜೆಗಳ ಸಾಲು ಹೇಗೆ? ಹೆಗಲು ನೋಡಿ ಹೇಗೆ ಗುರುತು ಹಿಡಿಯುವುದು?

ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್. ಆಮೇಲೆ ಜೆಸಿಒ. ಲ್ಯಾನ್ಸ್ ನಾಯಕ್‌ಗೆ ತೋಳಿನ ಮೇಲೆ ಒಂದು ಪಟ್ಟಿ, ನಾಯಕ್‌ಗೆ ಎರಡು, ಹವಾಲ್ದಾರ್‌ಗೆ ಮೂರು. ನಾಯಬ್ ಸುಬೇದಾರ್ ಆದ ಕೂಡಲೇ ತೋಳಿನ ಪಟ್ಟಿ ಹೋಗಿ ಹೆಗಲಿಗೆ ಒಂದು ನಕ್ಷತ್ರ ಬರುತ್ತದೆ. ಸುಬೇದಾರ್‌ಗೆ ಎರಡು ನಕ್ಷತ್ರ. ಸುಬೇದಾರ್ ಮೇಜರ್‌ಗೆ ನಕ್ಷತ್ರ ಇಲ್ಲ, ಸಿಂಹದ ಲಾಂಛನ. ಆಫೀಸರರಿಗೂ ನಕ್ಷತ್ರ, ಸಿಂಹ ಇವೆ. ಅದರಿಂದಲೇ ಜನಕ್ಕೆ ಗೊಂದಲ. ಜೆಸಿಒ ಹೆಗಲಲ್ಲಿ ಕೆಂಪು, ಹಳದಿ, ಕೆಂಪು ಬಣ್ಣದ ಸಣ್ಣ ಅಡ್ಡಪಟ್ಟಿ ಇರುತ್ತದೆ, ಅದನ್ನು ನೋಡಿ. ಟ್ಯಾಂಕ್ ರೆಜಿಮೆಂಟುಗಳಲ್ಲಿ ಹೆಸರು ಬೇರೆ, ಅಲ್ಲಿ ಹವಾಲ್ದಾರ್ ಅಂದರೆ ದಫೇದಾರ್, ಸುಬೇದಾರ್ ಮೇಜರ್ ಅಂದರೆ ರಿಸಾಲ್ದಾರ್ ಮೇಜರ್.

ನಮ್ಮ ಕಡೆಯಿಂದ ಸೈನ್ಯಕ್ಕೆ ಹೋಗುವವರು ಕಮ್ಮಿ. ನೀವು ಹೇಗೆ ಹೋದಿರಿ?

ಹೌದು, ಆಗೆಲ್ಲ "ಮಿಲಿಟ್ರಿ ಕೊಡಗಿನವರಿಗೆ, ಬೊಂಬಾಯಿ ನಮಗೆ" ಎನ್ನುತ್ತಿದ್ದರು. ಕೊಡಗಿಗೆ ಕಾರ್ಯಪ್ಪ, ತಿಮ್ಮಯ್ಯ ಇದ್ದರು. ನಮ್ಮಲ್ಲಿ ಹತ್ತನೇ ಕ್ಲಾಸ್ ಮುಗಿಸಿದ ಹುಡುಗ ಬೊಂಬಾಯಿಯ ಹೋಟೆಲಿಗೆ ಹೋಗುವುದು, ಇಲ್ಲದಿದ್ದರೆ ಮಲ್ಪೆಯಲ್ಲಿ ಬೋಟ್ ಹತ್ತುವುದು. ನನಗೆ ಬೋಟಿನಲ್ಲಿ ವಾಂತಿ. ಅದೇ ಕಾರಣ, ದೇಶಭಕ್ತಿ ಎಲ್ಲ ಆಮೇಲೆ ಬಂದದ್ದು.

ಮದ್ರಾಸ್ ರೆಜಿಮೆಂಟಿಗೆ ಆಯ್ಕೆಯಾದೆ. ಅದರ ತರಬೇತಿ ಕೇಂದ್ರ ನೀಲಗಿರಿಯ ವೆಲಿಂಗ್ಟನ್‌ನಲ್ಲಿ, ಕೂನೂರಿನ ಪಕ್ಕ. ಉಡುಪಿಗೆ ಆಗ ರೈಲೇ ಇಲ್ಲ, ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ಬಸ್ಸಿನಲ್ಲಿ ಮಂಗಳೂರು, ಅಲ್ಲಿಂದ ರೈಲಿನಲ್ಲಿ ಕೊಯಮತ್ತೂರು, ಮತ್ತೆ ಬಸ್ಸಿನಲ್ಲಿ ಘಟ್ಟ. ಅಮ್ಮ ಟ್ರಂಕಿನಲ್ಲಿ ಒಂದು ಬಾಟ್ಲಿ ತೆಂಗಿನೆಣ್ಣೆ ಇಟ್ಟಿದ್ದರು. ಮರುದಿನ ಬೆಳಿಗ್ಗೆ ತೆಗೆದರೆ ಬಾಟ್ಲಿ ಒಳಗೆ ಎಣ್ಣೆ ಬೆಳ್ಳಗೆ ಕಲ್ಲಾಗಿತ್ತು. ಯಾರೋ ಏನೋ ಮಾಡಿದ್ದಾರೆ ಅಂದುಕೊಂಡೆ. ಎಣ್ಣೆ ಹೆಪ್ಪುಗಟ್ಟುವಷ್ಟು ಚಳಿ ನಾನು ಅದುವರೆಗೆ ನೋಡಿರಲಿಲ್ಲ.

ಭಾಷೆ ಹೇಗೆ ನಿಭಾಯಿಸಿದಿರಿ?

ಪರೇಡಿನ ಭಾಷೆ ಹಿಂದಿ: ಸಾವಧಾನ್, ವಿಶ್ರಾಮ್. ಬ್ಯಾರಕ್ಕಿನಲ್ಲಿ ತಮಿಳು, ಮಲಯಾಳ, ತೆಲುಗು, ಕನ್ನಡ ಎಲ್ಲ ಕಲಸಿದ ಒಂದು ಭಾಷೆ. ರೆಜಿಮೆಂಟಿನ ಯುದ್ಧಘೋಷ "ವೀರ ಮದ್ರಾಸಿ, ಅಡಿ ಕೊಲ್ಲು, ಅಡಿ ಕೊಲ್ಲು". ಅದರಲ್ಲಿ 'ಕೊಲ್ಲು' ಯಾರೂ ನಮಗೆ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ಹಿಂದಿ ಆರು ತಿಂಗಳಲ್ಲಿ ತಾನಾಗಿ ಬಂತು. ತುಳು ಮಾತಾಡುವವನೊಬ್ಬ ಸಿಕ್ಕಿದ್ದು ಮಾತ್ರ ನಾಲ್ಕು ವರ್ಷದ ಮೇಲೆ, ಜಮ್ಮುವಿನ ಟ್ರಾನ್ಸಿಟ್ ಕ್ಯಾಂಪಿನಲ್ಲಿ. ಅವನು ಬೆಳ್ತಂಗಡಿ ಕಡೆಯವನು. ಇಡೀ ರಾತ್ರಿ ಇಬ್ಬರೂ ಬಂಗುಡೆ ಪುಳಿಮುಂಚಿಯ ಬಗ್ಗೆ ಮಾತಾಡಿದೆವು, ಬೇರೆ ಏನೂ ಇಲ್ಲ.

ಸಿಪಾಯಿಯಿಂದ ಸುಬೇದಾರ್ ಮೇಜರ್ ಆಗಲು ಎಷ್ಟು ವರ್ಷ?

ನನಗೆ 29 ವರ್ಷ. 1997ಕ್ಕೆ ನಾಯಕ್, 2002ಕ್ಕೆ ಹವಾಲ್ದಾರ್, 2009ಕ್ಕೆ ನಾಯಬ್ ಸುಬೇದಾರ್, 2014ಕ್ಕೆ ಸುಬೇದಾರ್, 2018ಕ್ಕೆ ಸುಬೇದಾರ್ ಮೇಜರ್. ಇದು ಎಲ್ಲರಿಗೂ ಒಂದೇ ಅಲ್ಲ. ಜಾಗ ಖಾಲಿ ಆಗಬೇಕು, ಪ್ರಮೋಷನ್ ಕೇಡರ್ (ಬಡ್ತಿಗೆ ಮುಂಚಿನ ತರಬೇತಿ) ಪಾಸಾಗಬೇಕು, ವರ್ಷವರ್ಷದ ಗುಪ್ತ ವರದಿ ಚೆನ್ನಾಗಿರಬೇಕು, ಮೆಡಿಕಲ್ ಸರಿ ಇರಬೇಕು, ಹೆಸರಿನ ಮುಂದೆ ಕೆಂಪು ಶಾಯಿ ಬಿದ್ದಿರಬಾರದು, ಅಂದರೆ ಶಿಕ್ಷೆಯ ದಾಖಲೆ ಇರಬಾರದು.

ಮತ್ತೆ ಮ್ಯಾಪ್ ರೀಡಿಂಗ್ ಪರೀಕ್ಷೆ. ಅದರಲ್ಲಿ ನಾನು ಮೊದಲ ಸಲ ಫೇಲು. ಇದನ್ನು ಸ್ವಲ್ಪ ಹೇಳಲೇಬೇಕು. ನಮ್ಮ ಊರಿನಲ್ಲಿ ದಿಕ್ಕು ಯಾರೂ ಕಲಿಯುವುದಿಲ್ಲ. ಪಡು ಅಂದರೆ ಕಡಲು, ಮೂಡು ಅಂದರೆ ಘಟ್ಟ, ತೆಂಕು ಬಡಗು ಅದರ ಲೆಕ್ಕದಲ್ಲಿ ತನ್ನಿಂದ ತಾನೇ ಬರುತ್ತದೆ. ಕಣ್ಣು ಮುಚ್ಚಿ ಗಾಳಿಯಲ್ಲೇ ಹೇಳುತ್ತೇವೆ. ರಾಜಸ್ಥಾನದಲ್ಲಿ ಕೈಗೆ ನಕ್ಷೆ, ಕಂಪಾಸ್ ಕೊಟ್ಟು ರಾತ್ರಿ ಮರಳಿನಲ್ಲಿ ಬಿಟ್ಟರು. ಕಡಲೂ ಇಲ್ಲ, ಘಟ್ಟವೂ ಇಲ್ಲ. ಸುತ್ತ ಒಂದೇ ಥರ. ಬೆಳಗಾಗುವಾಗ ನಾನು ತಲುಪಬೇಕಾದ ಜಾಗದಿಂದ ಮೂರು ಕಿಲೋಮೀಟರ್ ಆಚೆ ಒಂದು ಒಂಟೆಯ ಎದುರು ನಿಂತಿದ್ದೆ. ಮುಂದಿನ ವರ್ಷ ಪಾಸಾದೆ. ಆದರೆ ನನ್ನ ಬ್ಯಾಚಿನ ಇಬ್ಬರು ಅಷ್ಟರಲ್ಲಿ ಮುಂದೆ ಹೋಗಿದ್ದರು, ಆ ಒಂದು ವರ್ಷ ಕೊನೆಯ ತನಕ ಕೈಗೆ ಸಿಗಲಿಲ್ಲ.

ಸೇರಿದವರೆಲ್ಲ ಅಲ್ಲಿಗೆ ತಲುಪಬಹುದಾ?

ಸಾಧ್ಯವೇ ಇಲ್ಲ. ಒಂದು ಪಲ್ಟನ್, ಅಂದರೆ ಬೆಟಾಲಿಯನ್, ಸುಮಾರು 800 ಜನ. ಸುಬೇದಾರ್ ಮೇಜರ್ ಒಬ್ಬನೇ. ಹೆಚ್ಚಿನವರು ಹವಾಲ್ದಾರ್ ಆಗುವಷ್ಟರಲ್ಲಿ ಪಿಂಚಣಿ ತೆಗೆದುಕೊಂಡು ಊರಿಗೆ ಹೋಗುತ್ತಾರೆ. ಅದರಲ್ಲಿ ಕಮ್ಮಿ ಅನ್ನಿಸಿಕೊಳ್ಳುವಂಥದ್ದು ಏನೂ ಇಲ್ಲ. ನನಗಿಂತ ಒಳ್ಳೆಯ ಸೈನಿಕರು ನಾಯಕ್ ಆಗಿಯೇ ಮನೆಗೆ ಹೋಗಿದ್ದನ್ನು ನೋಡಿದ್ದೇನೆ.

ಸರಿ, ಆದರೆ ಸುಬೇದಾರ್ ಮೇಜರ್ ದಿನವಿಡೀ ಮಾಡುವುದೆಂತ?

ಈ ಪ್ರಶ್ನೆ ಕೇಳುವವರೇ ಕಮ್ಮಿ. ಸಂಬಳ ಎಷ್ಟು ಎಂದು ಮೊದಲು ಕೇಳುತ್ತಾರೆ.

ಪಲ್ಟನ್ನಿನ ಯಜಮಾನ ಕಮಾಂಡಿಂಗ್ ಆಫೀಸರ್, ಕರ್ನಲ್ ದರ್ಜೆ, ನಾವು ಸಿಒ ಸಾಬ್ ಎನ್ನುತ್ತೇವೆ. ಆಜ್ಞೆ ಅವರದ್ದು. ಆಫೀಸರುಗಳು ಎರಡು ಮೂರು ವರ್ಷಕ್ಕೆ ಬೇರೆ ಕಡೆ ಹೋಗುತ್ತಿರುತ್ತಾರೆ, ಜವಾನರೂ ಜೆಸಿಒಗಳೂ ಮಾತ್ರ ಪಲ್ಟನ್ನಿನಲ್ಲೇ ಬೆಳೆದು ಅಲ್ಲೇ ಮುದುಕರಾಗುತ್ತಾರೆ. ಹಾಗಾಗಿ ಸಿಒ ಸಾಬ್ ಕಿವಿಗೆ ಜವಾನರ ಸುದ್ದಿ ಮುಟ್ಟಿಸುವವನು, ಜವಾನರ ಕಿವಿಗೆ ಸಿಒ ಮಾತಿನ ಅರ್ಥ ಮುಟ್ಟಿಸುವವನು ಸುಬೇದಾರ್ ಮೇಜರ್, ಅಂದರೆ ಎಸ್‌ಎಂ ಸಾಬ್. ಯಕ್ಷಗಾನಕ್ಕೆ ಹೋದವರಿಗೆ ಬೇಗ ಅರ್ಥವಾಗುತ್ತದೆ. ರಂಗಸ್ಥಳದಲ್ಲಿ ಕುಣಿಯುವ ವೇಷ ಎಲ್ಲರಿಗೂ ಕಾಣುತ್ತದೆ. ಚೌಕಿಯೊಳಗೆ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಇವತ್ತು ಯಾರಿಗೆ ಜ್ವರ, ಯಾರ ಗೆಜ್ಜೆ ಕಿತ್ತಿದೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂದು ನೋಡುತ್ತಾ ಓಡಾಡುವವನು ಒಬ್ಬ ಇರುತ್ತಾನಲ್ವಾ? ಅವನು.

ನನ್ನ ದಿನ ಬೆಳಿಗ್ಗೆ 4 ಗಂಟೆಗೆ ಲಂಗರಿನಲ್ಲಿ ಶುರು. ಲಂಗರ್ ಅಂದರೆ ಜವಾನರ ಅಡುಗೆಮನೆ. ಚಹಾ ಕುಡಿದು ನೋಡುವುದು, ದಾಲ್ ಪಾತ್ರೆಗೆ ಸೌಟು ಹಾಕಿ ತಳ ಹಿಡಿದಿದೆಯಾ ನೋಡುವುದು. ಆಮೇಲೆ ಗೇಟಿನ ಸಂತರಿ, ಪಿಟಿ, ಪರೇಡು, ರಜೆ ಅರ್ಜಿ, ಕ್ವಾರ್ಟರ್ಸಿನ ನೀರಿನ ಜಗಳ, ಮಂದಿರದ ಪೂಜೆ, ತಿಂಗಳಿಗೊಮ್ಮೆ ಸೈನಿಕ ಸಮ್ಮೇಳನ. ಸಮ್ಮೇಳನದಲ್ಲಿ ಸಿಒ ಸಾಬ್ ಎಲ್ಲರನ್ನೂ ಕೂರಿಸಿ "ಯಾರಿಗಾದರೂ ತೊಂದರೆ ಇದೆಯಾ?" ಎಂದು ಕೇಳುತ್ತಾರೆ. ಯಾರೂ ಕೈ ಎತ್ತುವುದಿಲ್ಲ. ಕೈ ಎತ್ತದವರ ತೊಂದರೆ ಏನು ಎಂದು ಸಂಜೆಯೊಳಗೆ ಗೊತ್ತು ಮಾಡಿಕೊಳ್ಳುವುದೇ ನನ್ನ ನೌಕರಿ.

ಒಂದು ಉದಾಹರಣೆ ಹೇಳುತ್ತೇನೆ. 2019ರಲ್ಲಿ ರಾಯಚೂರು ಕಡೆಯ ಒಬ್ಬ ಹುಡುಗ, ಎರಡು ವರ್ಷದ ಸರ್ವಿಸ್. ರಾತ್ರಿ ಊಟದ ಹೊತ್ತಿಗೆ ಸ್ಟೀಲ್ ತಟ್ಟೆ ತೊಳೆಯುವ ನಲ್ಲಿಯ ಹತ್ತಿರ ನಿಂತಿದ್ದೆ. ಅವನ ತಟ್ಟೆಯಲ್ಲಿ ನಾಲ್ಕು ರೊಟ್ಟಿ ಹಾಗೇ ಇತ್ತು, ಅನ್ನವನ್ನು ಬೆರಳಿನಿಂದ ಬದಿಗೆ ತಳ್ಳಿ ತಿಂದ ಹಾಗೆ ಕಾಣಿಸಲು ನೋಡಿದ್ದ. ಮರುದಿನವೂ ಅದೇ. ಕೇಳಿದರೆ "ಹೊಟ್ಟೆ ಸರಿ ಇಲ್ಲ ಸಾಬ್". ಹೊಟ್ಟೆ ಸರಿ ಇಲ್ಲದವನು ಚಹಾ ಎರಡು ಮಗ್ ಕುಡಿಯುತ್ತಾನಾ? ರೂಮಿಗೆ ಕರೆದೆ, ಕನ್ನಡದಲ್ಲಿ ಮಾತಾಡಿಸಿದೆ. ಹತ್ತು ನಿಮಿಷ ಸುಮ್ನೆ ಕೂತ. ಆಮೇಲೆ ಬಾಯಿ ಬಿಟ್ಟ: ಅಕ್ಕನ ಮದುವೆ ಸಾಲಕ್ಕೆ ಅಪ್ಪ ಇದ್ದ ಎರಡು ಎಕರೆ ಬರೆದುಕೊಟ್ಟಿದ್ದಾರೆ, ಆ ಮೇಲೆ ಅಪ್ಪ ಮನೆ ಬಿಟ್ಟು ಹೋಗಿದ್ದಾರೆ, ನಾಲ್ಕು ದಿನವಾಯಿತು. ರಜೆ ಕೇಳಲು ಹೆದರಿಕೆ, ಯಾಕೆಂದರೆ ಆ ವಾರ ಫೈರಿಂಗ್ ಅಭ್ಯಾಸ. ರಾತ್ರಿ 10 ಗಂಟೆಗೆ ಸಿಒ ಸಾಬ್ ಮನೆಯ ಬಾಗಿಲು ತಟ್ಟಿದೆ. ಅವರು ಒಂದೇ ಮಾತು ಕೇಳಿದರು: "ಸಾಬ್, ಟಿಕೆಟ್ ಆಯ್ತಾ?" ಬೆಳಿಗ್ಗೆ ಹುಡುಗ ರೈಲಿನಲ್ಲಿದ್ದ. ಅಪ್ಪ ಸಿಕ್ಕಿದರು, ಗುಂತಕಲ್ಲು ಸ್ಟೇಷನ್ನಿನಲ್ಲಿ.

ಬಂದೂಕು ಕೈಯಲ್ಲಿರುವ ಹುಡುಗ ಊಟ ಬಿಟ್ಟಿದ್ದಾನೆ ಎಂದರೆ ಅದು ಊಟದ ವಿಷಯ ಅಲ್ಲ. ಇದನ್ನು ಯಾವ ಕೇಡರಿನಲ್ಲೂ ಕಲಿಸುವುದಿಲ್ಲ.

ಇಷ್ಟು ಸರ್ವಿಸ್ ಆದ ಮೇಲೂ 22 ವರ್ಷದ ಲೆಫ್ಟಿನೆಂಟಿಗೆ ಸೆಲ್ಯೂಟ್ ಹೊಡೆಯಬೇಕಾ? ಬೇಜಾರಾಗುವುದಿಲ್ವಾ?

ಹೊಡೆಯಬೇಕು. ಬೇಜಾರಿಲ್ಲ. ಸೆಲ್ಯೂಟ್ ಹೋಗುವುದು ರಾಷ್ಟ್ರಪತಿ ಕೊಟ್ಟ ಕಮಿಷನ್ನಿಗೆ, ಅಂದರೆ ಅಧಿಕಾರಪತ್ರಕ್ಕೆ, ಆ ಹುಡುಗನ ಮೀಸೆಗೆ ಅಲ್ಲ. ಅವನೂ ನನ್ನನ್ನು 'ಸಾಬ್' ಎಂದೇ ಕರೆಯುತ್ತಾನೆ, ಹೆಸರು ಹಿಡಿಯುವುದಿಲ್ಲ. ಹೊಸ ಲೆಫ್ಟಿನೆಂಟ್ ಬಂದಾಗ ಎಷ್ಟೋ ಪಲ್ಟನ್ನುಗಳಲ್ಲಿ ಮೊದಲ ಕೆಲವು ವಾರ ಅವನು ಜವಾನರ ಬ್ಯಾರಕ್ಕಿನಲ್ಲೇ ಮಲಗಬೇಕು, ಲಂಗರಿನಲ್ಲೇ ಉಣ್ಣಬೇಕು. ಅವನಿಗೆ ಪಲ್ಟನ್ ಏನು ಎಂದು ಕಲಿಸುವುದು ನಾವೇ. ನಾನು ಬೂಟಿನ ಲೇಸ್ ಸರಿ ಕಟ್ಟಲು ಹೇಳಿಕೊಟ್ಟ ಒಬ್ಬರು ಈಗ ಕರ್ನಲ್. ಎದುರು ಸಿಕ್ಕರೆ ಇವತ್ತೂ ನಾನೇ ಮೊದಲು ಸೆಲ್ಯೂಟ್, ಅವರೇ ಮೊದಲು ಅಪ್ಪುಗೆ.

ಬೈಗುಳ, ಪಿಟ್ಟು ಎಲ್ಲ ನಿಜವಾ?

ಪಿಟ್ಟು ಅಂದರೆ ಬೆನ್ನಿಗೆ ಭಾರದ ಚೀಲ ಹಾಕಿ ಓಡಿಸುವುದು. ಇದೆ. ನಾನೂ ಓಡಿದ್ದೇನೆ, ಓಡಿಸಿದ್ದೇನೆ. ಹವಾಲ್ದಾರ್ ಆಗಿದ್ದಾಗ ನನ್ನ ಬಾಯಿ ಭಾರೀ ಕೆಟ್ಟದು, ಒಪ್ಪಿಕೊಳ್ಳುತ್ತೇನೆ. ಸ್ಟಾರ್ ಬಂದ ಮೇಲೆ ಕಮ್ಮಿಯಾಯಿತು. ಸುಬೇದಾರ್ ಮೇಜರ್ ಕೂಗಬೇಕಾಗಿ ಬಂದರೆ ಆ ಪಲ್ಟನ್ನಿನಲ್ಲಿ ಎಲ್ಲೋ ಹುಳುಕಿದೆ ಅಂತ ಅರ್ಥ.

ಸಂಬಳ ಎಷ್ಟು?

ಬಂತು ನೋಡಿ. ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಸಿಪಾಯಿಯ ಮೂಲ ವೇತನ 21,700 ರೂಪಾಯಿಯಿಂದ ಶುರು, ಹವಾಲ್ದಾರ್ 29,200, ನಾಯಬ್ ಸುಬೇದಾರ್ 35,400, ಸುಬೇದಾರ್ 44,900, ಸುಬೇದಾರ್ ಮೇಜರ್ 47,600. ಇದರ ಮೇಲೆ ಮಿಲಿಟರಿ ಸರ್ವಿಸ್ ಪೇ 5,200, ತುಟ್ಟಿಭತ್ಯೆ, ಹೋದ ಜಾಗಕ್ಕೆ ತಕ್ಕ ಭತ್ಯೆ. ಸುಬೇದಾರ್ ಮೇಜರ್ ಆಗುವಾಗ ಇಂಕ್ರಿಮೆಂಟ್ ಸೇರಿ ಮೂಲ ವೇತನ ಇದಕ್ಕಿಂತ ಜಾಸ್ತಿಯೇ ಇರುತ್ತದೆ.

ಯಾರನ್ನಾದರೂ ಕೊಂದಿದ್ದೀರಾ?

ಮದುವೆ ಊಟದ ಪಂಕ್ತಿಯಲ್ಲಿ ಇದನ್ನು ಕೇಳಬೇಡಿ.

ಸಿಯಾಚಿನ್‌ಗೆ ಹೋಗಿದ್ರಾ?

ಹೋಗಿದ್ದೆ, ನಾಯಕ್ ಆಗಿದ್ದಾಗ. ನಮ್ಮ ಸೈನ್ಯ ಅಲ್ಲಿ ಕೂತಿರುವುದು 1984ರ ಏಪ್ರಿಲ್ 13ರಿಂದ, ಆಪರೇಷನ್ ಮೇಘದೂತದಲ್ಲಿ. ಮೇಲಿನ ಪೋಸ್ಟಿನಲ್ಲಿ ನನ್ನದು ಸುಮಾರು ಮೂರು ತಿಂಗಳು. ಹೋಗುವಾಗ ಎಲ್ಲರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡೆಯುವುದು, ಒಬ್ಬ ಹಿಮದ ಬಿರುಕಿಗೆ ಬಿದ್ದರೆ ಉಳಿದವರು ಹಿಡಿಯಬೇಕು. ಒಳಗೆ ಸೀಮೆಎಣ್ಣೆ ಸ್ಟೌವ್ ದಿನವಿಡೀ ಉರಿಯುತ್ತದೆ, ಮೂಗು ಸೀನಿದರೆ ಕಪ್ಪು ಮಸಿ. ಹಸಿವೇ ಆಗುವುದಿಲ್ಲ. ನನಗೆ ಕಣ್ಣು ಮುಚ್ಚಿದರೆ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಕಾಣುತ್ತಿತ್ತು, ಎದುರಿಗೆ ಬಾದಾಮಿ, ಚಾಕಲೇಟು ರಾಶಿ ಬಿದ್ದಿತ್ತು. ಅಲ್ಲಿ ನಮ್ಮ ಸುಬೇದಾರ್ ಮೇಜರ್ ಸಾಬ್ ವಾರಕ್ಕೊಮ್ಮೆ ಕೆಳಗಿನಿಂದ ಫೋನಿನಲ್ಲಿ ಒಬ್ಬೊಬ್ಬರ ಹೆಸರು ಹಿಡಿದು "ಕಾಲ್ಬೆರಳು ನೋಡಿಕೊಂಡೆಯಾ?" ಎಂದು ಕೇಳುತ್ತಿದ್ದರು. ಆಗ ಕಿರಿಕಿರಿ ಅನ್ನಿಸುತ್ತಿತ್ತು. ನನ್ನ ಹತ್ತೂ ಬೆರಳು ಇನ್ನೂ ಇವೆ.

ಮನೆಯವರು ಹೇಗೆ ಸುಧಾರಿಸಿದರು?

ಇದನ್ನು ನನ್ನ ಹೆಂಡತಿಯನ್ನೇ ಕೇಳಬೇಕು, ಆದರೆ ಅವಳು ಹೇಳಿದರೆ ಈ ಬರಹ ಎರಡರಷ್ಟಾಗುತ್ತದೆ. ಶುರುವಿನಲ್ಲಿ ಪತ್ರವೇ ಗತಿ. ವಿಳಾಸದಲ್ಲಿ ಊರಿನ ಹೆಸರು ಇರುವುದಿಲ್ಲ, '56 ಎಪಿಒ' ಅಂತ ಮಾತ್ರ, ಅದು ಸೈನ್ಯದ ಅಂಚೆ ಕಚೇರಿಯ ನಂಬರು. ಮಗಳು ಹುಟ್ಟಿದ ಸುದ್ದಿ ನನಗೆ ಹನ್ನೊಂದನೇ ದಿನ ಸಿಕ್ಕಿತು. ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುವಲ್ ರಜೆ, ಲೆಕ್ಕಕ್ಕೆ ಜಾಸ್ತಿ ಕಾಣುತ್ತದೆ. ಆದರೆ ಗದ್ದೆ ನಾಟಿಗೆ ಸಿಕ್ಕಿದರೆ ಕೋಲಕ್ಕೆ ಸಿಗುವುದಿಲ್ಲ, ಕೋಲಕ್ಕೆ ಸಿಕ್ಕಿದರೆ ಪರೀಕ್ಷೆಗೆ ಇಲ್ಲ. ಫ್ಯಾಮಿಲಿ ಕ್ವಾರ್ಟರ್ಸ್ ಸಿಕ್ಕಿದ್ದು ಎಲ್ಲ ಸೇರಿ ಏಳು ವರ್ಷ. ಉಳಿದದ್ದು ಅವಳೇ, ಒಬ್ಬಳೇ.

ನೌಕಾಪಡೆ, ವಾಯುಪಡೆಯಲ್ಲಿ ಇದಕ್ಕೆ ಏನೆನ್ನುತ್ತಾರೆ?

ನೌಕಾಪಡೆಯಲ್ಲಿ ಮಾಸ್ಟರ್ ಚೀಫ್ ಪೆಟ್ಟಿ ಆಫೀಸರ್ ಫಸ್ಟ್ ಕ್ಲಾಸ್, ವಾಯುಪಡೆಯಲ್ಲಿ ಮಾಸ್ಟರ್ ವಾರಂಟ್ ಆಫೀಸರ್. ಅಮೆರಿಕದಲ್ಲಿ 1966ರಿಂದ ಇಡೀ ಸೈನ್ಯಕ್ಕೇ ಒಬ್ಬ ಸಾರ್ಜೆಂಟ್ ಮೇಜರ್ ಇದ್ದಾರೆ, ಸೇನಾ ಮುಖ್ಯಸ್ಥರ ಪಕ್ಕದಲ್ಲಿ ಕೂತು ಜವಾನರ ಮಾತು ಹೇಳುವವರು.

ಹೆಸರು ಮಾಡಿದ ಸುಬೇದಾರ್ ಮೇಜರ್ ಯಾರಿದ್ದಾರೆ?

ಯೋಗೇಂದ್ರ ಸಿಂಗ್ ಯಾದವ್. ಕಾರ್ಗಿಲ್ ಯುದ್ಧದಲ್ಲಿ ಟೈಗರ್ ಹಿಲ್ ಹತ್ತಿದಾಗ ಅವರಿಗೆ 19 ವರ್ಷ, ಗ್ರೆನೇಡಿಯರ್, ಅಂದರೆ ಸಿಪಾಯಿ ದರ್ಜೆ. ಪರಮವೀರ ಚಕ್ರ ಸಿಕ್ಕಿತು. ಆ ಮೇಲೆ ಅವರೂ ಎಲ್ಲರ ಹಾಗೆ ಮೆಟ್ಟಿಲು ಹತ್ತಿಯೇ ಸುಬೇದಾರ್ ಮೇಜರ್ ಆದರು. ಕಾರ್ಗಿಲ್ ಯುದ್ಧದಲ್ಲೇ ಪರಮವೀರ ಚಕ್ರ ಪಡೆದ ಸಂಜಯ್ ಕುಮಾರ್ ಅವರೂ ಹಾಗೇ. 1987ರಲ್ಲಿ ಸಿಯಾಚಿನ್‌ನಲ್ಲಿ ಪಾಕಿಸ್ತಾನದ ಪೋಸ್ಟ್ ಹಿಡಿದ ಬಾನಾ ಸಿಂಗ್ ಆಗ ನಾಯಬ್ ಸುಬೇದಾರ್. ಆ ಜಾಗಕ್ಕೆ ಈಗ ಬಾನಾ ಟಾಪ್ ಅಂತಲೇ ಹೆಸರು.

ಮಕ್ಕಳಿಗೆ ಗೊತ್ತಿರುವುದು ನೀರಜ್ ಚೋಪ್ರಾ. ಅವರು 2016ರಲ್ಲಿ ಕ್ರೀಡಾಪಟುವಾಗಿ ನೇರ ನಾಯಬ್ ಸುಬೇದಾರ್ ಆಗಿ ಬಂದವರು, ಆಮೇಲೆ ಸುಬೇದಾರ್ ಮೇಜರ್ ಆದರು. "ಅವರಿಗೆ 29 ವರ್ಷ ಬೇಕಾಗ್ಲಿಲ್ವಾ ಮಾಮ?" ಎಂದು ಒಬ್ಬ ಹುಡುಗ ಕೇಳಿದ. ನೀನೂ 90 ಮೀಟರ್ ಜಾವೆಲಿನ್ ಎಸೆ, ನಿನಗೂ ಬೇಡ ಎಂದೆ.

ಆನರರಿ ಲೆಫ್ಟಿನೆಂಟ್, ಆನರರಿ ಕ್ಯಾಪ್ಟನ್ ಅಂದರೆ?

ಒಳ್ಳೆಯ ಸರ್ವಿಸ್ ಮಾಡಿದ ಜೆಸಿಒಗಳಿಗೆ ಕೊನೆಗೆ ಕೊಡುವ ಗೌರವ ದರ್ಜೆ. ಪಟ್ಟಿ ಬರುವುದು ಜನವರಿ 26ಕ್ಕೆ ಮತ್ತು ಆಗಸ್ಟ್ 15ಕ್ಕೆ. ನನಗೆ ಆನರರಿ ಲೆಫ್ಟಿನೆಂಟ್ ಸಿಕ್ಕಿತು. ಅಷ್ಟಾದರೂ ಫೋನಿನಲ್ಲಿ ಹಳಬರಿಗೆ ನಾನು ಎಸ್‌ಎಂ ಸಾಬ್, ನನಗೂ ಅದೇ ಇಷ್ಟ.

ನಿವೃತ್ತಿ ಯಾವಾಗ? ಪಿಂಚಣಿ ಉಂಟಾ?

ಸುಬೇದಾರ್ ಮೇಜರ್‌ಗೆ 34 ವರ್ಷ ಸರ್ವಿಸ್, ಇಲ್ಲದಿದ್ದರೆ 54 ವಯಸ್ಸು, ಇಲ್ಲದಿದ್ದರೆ ಆ ಹುದ್ದೆಯಲ್ಲಿ 4 ವರ್ಷ, ಯಾವುದು ಮೊದಲೋ ಅದು. ನನ್ನದು ನಾಲ್ಕು ವರ್ಷಕ್ಕೇ ಮುಗಿಯಿತು. ಹಳೆಯ ಪದ್ಧತಿಯಲ್ಲಿ ಸೇರಿದವರಿಗೆ 15 ವರ್ಷ ಆದರೆ ಪಿಂಚಣಿ. ವರ್ಷಕ್ಕೊಮ್ಮೆ ಬದುಕಿದ್ದೇನೆ ಅಂತ ಜೀವನ ಪ್ರಮಾಣಪತ್ರ ಕೊಡಬೇಕು. ಮೊದಲ ವರ್ಷ ಒಂದು ಕಚೇರಿಯಲ್ಲಿ ನನ್ನ ಜನ್ಮದಿನ ತಪ್ಪು ಬರೆದು ಮೂರು ತಿಂಗಳು ಅಲೆಸಿದರು. 800 ಜನರ ಕಾಗದ ನೋಡಿದವನಿಗೆ ತನ್ನ ಒಂದು ಕಾಗದ ಸರಿ ಮಾಡಲು ಆಗಲಿಲ್ಲ ಎಂದು ಮನೆಯಲ್ಲಿ ಈಗಲೂ ನಗುತ್ತಾರೆ.

ಕ್ಯಾಂಟೀನಿನಿಂದ ಒಂದು ರಮ್...?

ಇಲ್ಲ.

ಈಗ ಉಡುಪಿ, ಮಂಗಳೂರಿನ ಹುಡುಗರು ಸೇರುವುದು ಹೇಗೆ? ಅಗ್ನಿವೀರ ಸುಬೇದಾರ್ ಮೇಜರ್ ಆಗಬಹುದಾ?

ನಮ್ಮ ಎರಡು ಜಿಲ್ಲೆಗೆ ಮಂಗಳೂರಿನಲ್ಲೇ ಸೇನಾ ನೇಮಕಾತಿ ಕಚೇರಿ ಇದೆ. ಈಗ ಮೊದಲು ಕಂಪ್ಯೂಟರಿನಲ್ಲಿ ಪರೀಕ್ಷೆ, ಪಾಸಾದವರಿಗೆ ಆಮೇಲೆ ರ‍್ಯಾಲಿ. ರ‍್ಯಾಲಿಯಲ್ಲಿ 1.6 ಕಿಲೋಮೀಟರ್ ಓಟ, ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ ಅಂಕ. ಪುಲ್ಅಪ್ಸ್ ಹತ್ತು. 9 ಅಡಿ ಹೊಂಡ ಹಾರಬೇಕು. ನಮ್ಮ ಹುಡುಗರು ಓಟದಲ್ಲಿ ಬೀಳುವುದಿಲ್ಲ, ಪುಲ್ಅಪ್ಸ್‌ನಲ್ಲಿ ಬೀಳುತ್ತಾರೆ. ಅಡಿಕೆ ಮರ ಹತ್ತುವ ಹುಡುಗ ಹತ್ತೂ ಎಳೆಯುತ್ತಾನೆ, ಜಿಮ್ಮಿನವನು ಆರಕ್ಕೆ ನಿಲ್ಲುತ್ತಾನೆ, ನೋಡಿದ್ದೇನೆ.

ಅಗ್ನಿವೀರರನ್ನು ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆ ಬಂದದ್ದು 2022ರ ಜೂನ್‌ನಲ್ಲಿ, ನಾನು ಹೊರಗೆ ಬರುವ ವರ್ಷವೇ. ನಾಲ್ಕು ವರ್ಷ ಸೇವೆ, ಅದರಲ್ಲಿ ಶೇಕಡಾ 25ರ ತನಕ ಜನರನ್ನು ಮುಂದೆ ಇಟ್ಟುಕೊಳ್ಳುತ್ತಾರೆ. ಉಳಿದವರಿಗೆ ಒಂದೇ ಸಲ ಕೊಡುವ ಸೇವಾನಿಧಿ ಸುಮಾರು 11.71 ಲಕ್ಷ, ಪಿಂಚಣಿ ಇಲ್ಲ. ಉಳಿದುಕೊಂಡವನು ಮುಂದೆ ಹವಾಲ್ದಾರ್, ಸುಬೇದಾರ್ ಆಗುವ ದಾರಿ ತೆರೆದೇ ಇದೆ. ನನ್ನ ಅಭಿಪ್ರಾಯ ಕೇಳಿದರೆ, ತಟ್ಟೆಯಲ್ಲಿ ಬಿಟ್ಟ ರೊಟ್ಟಿ ನೋಡಿ ಹುಡುಗನ ಮನೆ ಸುದ್ದಿ ತಿಳಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ನಾಲ್ಕು ವರ್ಷದಲ್ಲಿ ಬಂದೂಕು ಕಲಿಯಬಹುದು. ಇದು ಹೇಗೆ ಕಲಿಯುತ್ತಾರೋ ನೋಡಬೇಕು.

ಓದಿನಲ್ಲಿ ಚುರುಕಾಗಿರುವ ಹುಡುಗರಿಗೆ ಇನ್ನೊಂದು ದಾರಿ ಯಾವಾಗಲೂ ಹೇಳುತ್ತೇನೆ. ಜವಾನನಾಗಿ ಸೇರಿದವನೂ ಡೆಹ್ರಾಡೂನಿನ ಆರ್ಮಿ ಕೆಡೆಟ್ ಕಾಲೇಜಿಗೆ ಆಯ್ಕೆಯಾದರೆ, ಅಲ್ಲಿ ಮೂರು ವರ್ಷ, ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ ಒಂದು ವರ್ಷ ಮುಗಿಸಿ ಆಫೀಸರ್ ಆಗಬಹುದು. ನನಗೆ ಆಗ ಯಾರೂ ಹೇಳಲಿಲ್ಲ.

ಈಗ ಏನು ಮಾಡಿಕೊಂಡಿದ್ದೀರಿ?

ಸ್ವಲ್ಪ ತೆಂಗು, ಸ್ವಲ್ಪ ಮಲ್ಲಿಗೆ. ಜುಲೈ 26ಕ್ಕೆ, ಕಾರ್ಗಿಲ್ ವಿಜಯ ದಿನದಂದು, ಮಂಗಳೂರಿನ ಕದ್ರಿ ಯುದ್ಧ ಸ್ಮಾರಕಕ್ಕೆ ಹೋಗುತ್ತೇನೆ. ರಾಯಚೂರಿನ ಹುಡುಗ ರಜೆಗೆ ಬಂದಾಗೆಲ್ಲ ಫೋನ್ ಮಾಡುತ್ತಾನೆ. ಅವನ ಅಪ್ಪನೂ ಮಾತಾಡುತ್ತಾರೆ, ಮಳೆ ಬಂತಾ ಎಂದು ಕೇಳುತ್ತಾರೆ. ನಮ್ಮ ಉಡುಪಿಯಲ್ಲಿ ಮಳೆ ಬಂತಾ ಎಂದು ಕೇಳುವುದೇ ಒಂದು ತಮಾಷೆ, ಆದರೂ ಬಂತು ಎನ್ನುತ್ತೇನೆ.

ಬೆಳಿಗ್ಗೆ ಶಾಲೆಯ ಗ್ರೌಂಡಿನಲ್ಲಿ ಹತ್ತು ಹನ್ನೆರಡು ಹುಡುಗರನ್ನು, ಮೂರು ಹುಡುಗಿಯರನ್ನು ಓಡಿಸುತ್ತೇನೆ. ಫೀಸಿಲ್ಲ. ಬರುವವರು 5.30ಕ್ಕೆ ಬನ್ನಿ, ನೀರಿನ ಬಾಟ್ಲಿ ನಿಮ್ಮದೇ ತನ್ನಿ. 5.31ಕ್ಕೆ ಬಂದರೆ ಒಂದು ಸುತ್ತು ಜಾಸ್ತಿ.